ಬಾಡಿ ಇರಲಿ, ಲೆನ್ಸಿನ ವಿಷಯ ಬರೆಯಿರಿ

ಸಂಪಾದಕರಿಗೆ,

ನಮಸ್ಕಾರ. ಹೋದ ಭಾನುವಾರದ ಪುರವಣಿಯಲ್ಲಿ ಹವ್ಯಾಸಿಗಳು ಯಾವ ಕ್ಯಾಮೆರಾ ತಗೋಬೇಕು ಅಂತ ಒಂದು ಪುಟ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಮುಕ್ಕಾಲು ಪುಟ ಬರೀ ಬಾಡಿಗಳ, ಅಂದರೆ ಲೆನ್ಸ್ ಬಿಟ್ಟು ಮಿಕ್ಕ ಕ್ಯಾಮೆರಾದ, ಗುಣಗಾನ. ಎಷ್ಟು ಮೆಗಾಪಿಕ್ಸೆಲ್, ಸೆಕೆಂಡಿಗೆ ಎಷ್ಟು ಫೋಟೊ, ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವುದು) ಹೌದೋ ಅಲ್ಲವೋ. ಲೆನ್ಸಿಗೆ ಸಿಕ್ಕಿದ್ದು ಕೊನೆಯಲ್ಲಿ ಎರಡೇ ಸಾಲು: ಸದ್ಯಕ್ಕೆ ಜೊತೆಗೆ ಬರುವ ಕಿಟ್ ಲೆನ್ಸ್ ಸಾಕು, ಮಿಕ್ಕಿದ್ದು ಆಮೇಲೆ ನೋಡಿಕೊಳ್ಳಿ. ನಡುವೆ, ಚಿಕ್ಕ ಸೆನ್ಸರಿನ ಕ್ಯಾಮೆರಾಗಳ ಕಾಲ ಮುಗಿಯಿತು ಎಂಬ ತೀರ್ಪು ಬೇರೆ.

ನನಗೆ ಸಾಗರದಲ್ಲಿ ಮೆಡಿಕಲ್ ಶಾಪ್ ಇದೆ. ಅಂಗಡಿಯ ಕೌಂಟರ್ ಕೆಳಗೆ, ಬಿಲ್ ಪುಸ್ತಕಗಳ ಪಕ್ಕ, ನನ್ನ ಕ್ಯಾಮೆರಾ ಇರುತ್ತದೆ. ಇದು ಊರಲ್ಲಿ ಗೊತ್ತಿರುವ ವಿಷಯ. ಹಾಗಾಗಿ ಅಡಿಕೆಗೆ ರೇಟು ಬಂದ ವರ್ಷ ಕಾಲೇಜು ಹುಡುಗರು ಅಪ್ಪನನ್ನೂ ಕರೆದುಕೊಂಡು ಬರುತ್ತಾರೆ. ಈ ಸಲ ಬಂದವನ ಕೈಯಲ್ಲಿ ನಿಮ್ಮ ಪುಟದ ಕಟಿಂಗ್ ಇತ್ತು. ಅಪ್ಪ ಮಾತಾಡಲಿಲ್ಲ, ಬೆಲೆಯ ಕಾಲಂ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು ಅಷ್ಟೆ. ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ.

ನನ್ನದು ಮೈಕ್ರೋ ಫೋರ್ ಥರ್ಡ್ಸ್ ಎನ್ನುವ ಜಾತಿಯ ಕ್ಯಾಮೆರಾ. 2008ರಲ್ಲಿ ಒಲಿಂಪಸ್ ಮತ್ತು ಪ್ಯಾನಾಸೋನಿಕ್ ಸೇರಿ ಈ ಪದ್ಧತಿ ತಂದವು. ಎಸ್‌ಎಲ್‌ಆರ್ ಎಂಬ ಹಳೆ ಮಾದರಿಯ ಕ್ಯಾಮೆರಾದ ಒಳಗಿನ ಕನ್ನಡಿಯನ್ನು ತೆಗೆದುಹಾಕಿದರು, ಸೆನ್ಸರ್ ಚಿಕ್ಕದೇ ಇಟ್ಟರು, ಲೆನ್ಸ್ ಬದಲಾಯಿಸುವ ಅನುಕೂಲ ಮಾತ್ರ ಉಳಿಸಿಕೊಂಡರು. ಒಬ್ಬರ ಲೆನ್ಸ್ ಇನ್ನೊಬ್ಬರ ಕ್ಯಾಮೆರಾ ಬಾಡಿಯ ಮೇಲೆ ಕೂರುತ್ತದೆ. ಕೊಳ್ಳುವವರಿಗೆ ಇದು ಸಣ್ಣ ಲಾಭ ಅಲ್ಲ. ಒಲಿಂಪಸ್‌ನವರು ಕ್ಯಾಮೆರಾ ವ್ಯಾಪಾರ ಬಿಟ್ಟರಲ್ಲ ಅಂತ ಕೆಲವರು ಹೇಳುತ್ತಾರೆ. ಬಿಟ್ಟಿದ್ದು ಹೌದು, ಆದರೆ 2021ರಿಂದ ಅದೇ ವ್ಯಾಪಾರ ಒಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಬೇರೆ ಕಂಪನಿ ಕೈಯಲ್ಲಿ ನಡೆಯುತ್ತಿದೆ. ಲೆನ್ಸುಗಳು ಎಲ್ಲಿಗೂ ಹೋಗಿಲ್ಲ.

ಈ ಸೆನ್ಸರಿನ ಅಳತೆ 17.3 × 13 ಮಿಲಿಮೀಟರ್. ಫುಲ್ ಫ್ರೇಮ್ ಅಂದರೆ ಹಳೆಯ ರೀಲಿನಷ್ಟೇ, 36 × 24. ವಿಸ್ತೀರ್ಣ ಲೆಕ್ಕ ಹಾಕಿದರೆ ನಮ್ಮದು ಹೆಚ್ಚೂಕಡಿಮೆ ನಾಲ್ಕನೇ ಒಂದು ಭಾಗ. ಕರ್ಣ ಅರ್ಧ. ಅದಕ್ಕೇ ಫುಲ್ ಫ್ರೇಮಿಗೆ ಹೋಲಿಸುವಾಗ ಲೆನ್ಸಿನ ಮೇಲೆ ಬರೆದ ಎಂಎಂ ಸಂಖ್ಯೆಯನ್ನು (ಇದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಎರಡರಿಂದ ಗುಣಿಸಿಕೊಳ್ಳಬೇಕು. ನಮ್ಮ 25 ಎಂಎಂ ಫುಲ್ ಫ್ರೇಮಿನ 50ರಷ್ಟು ನೋಟ ಕೊಡುತ್ತದೆ. 300 ಎಂಎಂ ಹಾಕಿದರೆ 600ರಷ್ಟು ಹತ್ತಿರ ಕಾಣುತ್ತದೆ. ಪೂರ್ತಿ ಆಟ ಇರುವುದು ಇಲ್ಲೇ.

ಮೊದಲು ಮೆಗಾಪಿಕ್ಸೆಲ್ ಭೂತ ಬಿಡಿಸಿಬಿಡೋಣ. ನನ್ನ ಬಾಡಿ ಪ್ಯಾನಾಸೋನಿಕ್ ಜಿಎಕ್ಸ್ 85, 2016ರ ಮಾಡೆಲ್, 16 ಮೆಗಾಪಿಕ್ಸೆಲ್. ಫೋಟೊದ ಉದ್ದ 4592 ಪಿಕ್ಸೆಲ್. ದಿನಪತ್ರಿಕೆಯ ಕಾಗದದ ಮೇಲೆ ಇಂಚಿಗೆ 200 ಪಿಕ್ಸೆಲ್ ಇದ್ದರೆ ಧಾರಾಳ. ನಿಮ್ಮ ಪುಟದ ಅಗಲ ಸುಮಾರು 13 ಇಂಚು, ಅಂದರೆ 2600 ಪಿಕ್ಸೆಲ್ ಸಾಕು. ಓದುಗರ ಫೋಟೊ ಅಂತ ಐದು ಇಂಚಿಗೆ ಹಾಕುತ್ತೀರಲ್ಲ, ಅದಕ್ಕೆ ಸಾವಿರ. ಇಷ್ಟು ಗೊತ್ತಿದ್ದೂ ನಿಮ್ಮ ಪತ್ರಿಕೆಯೇ 45 ಮೆಗಾಪಿಕ್ಸೆಲ್ ಇಲ್ಲದಿದ್ದರೆ ಹೇಗೆ ಎಂದು ಬರೆದರೆ ನಗು ಬರುತ್ತದೆ, ಅಲ್ವಾ?

ಹಾಗಾದರೆ ದುಡ್ಡು ಎಲ್ಲಿ ಹಾಕಬೇಕು? ಲೆನ್ಸಿಗೆ. ಯಾವ ಲೆನ್ಸಿಗೆ? ನಿಮ್ಮ ಫೋನಿಗೆ ಆಗದ ಕೆಲಸ ಮಾಡುವ ಲೆನ್ಸಿಗೆ. ನನ್ನ ವಾದ ಇಷ್ಟೇ. ಈಗ ಎಲ್ಲರ ಕಿಸೆಯಲ್ಲೂ ವೈಡ್ ಆಂಗಲ್ ಲೆನ್ಸ್ ಇದೆ. ಫೋನಿನ ಮುಖ್ಯ ಕ್ಯಾಮೆರಾ ಅಗಲವಾದ ನೋಟದ್ದೇ. ಮದುವೆಮನೆಯ ಪಂಕ್ತಿ, ಜೋಗದ ನಾಲ್ಕೂ ಧಾರೆ ಒಟ್ಟಿಗೆ, ಇಕ್ಕೇರಿ ದೇವಸ್ಥಾನದ ಮುಂದಿನ ಅಂಗಳ, ಇದನ್ನೆಲ್ಲ ಫೋನು ಚೆನ್ನಾಗಿಯೇ ತೆಗೆಯುತ್ತದೆ. ಅದೇ ಕೆಲಸಕ್ಕೆ ಮತ್ತೆ ಮೂವತ್ತು ನಲವತ್ತು ಸಾವಿರ ಕೊಟ್ಟು ಲೆನ್ಸ್ ತರುವುದು ಯಾಕೆ? ಅಲ್ಟ್ರಾ ವೈಡ್ ಅಂತೂ ನನಗೆ ಇಷ್ಟವೇ ಇಲ್ಲ. ಇಕ್ಕೇರಿಯ ಕಂಬಗಳು ಕುಡಿದವರ ಹಾಗೆ ಒಳಕ್ಕೆ ವಾಲುತ್ತವೆ. ಆದರೆ ಇದು ನನ್ನ ರುಚಿ, ವಾಸ್ತುಶಿಲ್ಪ ತೆಗೆಯುವವರು ಒಪ್ಪಲಿಕ್ಕಿಲ್ಲ.

ಫೋನು ಎಲ್ಲಿ ಸೋಲುತ್ತದೆ ಎನ್ನುವುದಕ್ಕೆ ನಮ್ಮೂರಿನ ಗುಡಿಗಾರರ ಮನೆ ಒಳ್ಳೆ ಉದಾಹರಣೆ. ಸಾಗರದ ಗಂಧದ ಕೆತ್ತನೆ ನಿಮಗೆ ಗೊತ್ತೇ ಇದೆ. ಈಗ ಗಂಧ ಸಿಗುವುದು ಕಷ್ಟ, ಶಿವನಿ ಮರದ ಕೆಲಸ ಜಾಸ್ತಿ. ಕೂತು ಕೆತ್ತುವ ಜಾಗ ಇಕ್ಕಟ್ಟು, ಬೆಳಕು ಒಂದೇ ಕಿಟಕಿಯಿಂದ. ಫೋನು ಹಿಡಿದು ಹತ್ತಿರ ಹೋದರೆ ಅವರ ಕೈಗೇ ಅಡ್ಡ, ನೆರಳೂ ಬೀಳುತ್ತದೆ. ದೂರ ನಿಂತರೆ ಗೋಡೆ, ಕ್ಯಾಲೆಂಡರು, ಮೂಲೆಯ ಸೈಕಲ್ಲು ಎಲ್ಲಾ ಬರುತ್ತದೆ. ಇಲ್ಲಿ ಒಲಿಂಪಸ್ಸಿನ 45 ಎಂಎಂ ಎಫ್ 1.8 ಹಾಕಿದರೆ ಬೇರೆಯೇ ಲೋಕ. ಎಫ್ ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿಯ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಲೆನ್ಸಿನ ತೂಕ 116 ಗ್ರಾಂ. ಕೆಮ್ಮಿನ ಸಿರಪ್ ಬಾಟಲಿ ಇದಕ್ಕಿಂತ ಭಾರ. ಅರ್ಧ ಮೀಟರಿನಷ್ಟು ಹತ್ತಿರ ಇದ್ದರೂ ಫೋಕಸ್ ಆಗುತ್ತದೆ. ಬಾಗಿಲ ಹತ್ತಿರದ ಮಣೆ ಮೇಲೆ ಕೂತರೆ ಉಳಿಯ ಬಾಯಿ, ಅದನ್ನು ಹಿಡಿದ ಹೆಬ್ಬೆರಳು, ಸುರುಳಿಯಾಗಿ ಏಳುವ ಮರದ ಸಿಪ್ಪೆ, ಅಷ್ಟೇ ಚೌಕಟ್ಟಿನಲ್ಲಿ ಸಿಗುತ್ತದೆ. ಅವರ ಪಾಡಿಗೆ ಅವರು ಕೆಲಸ ಮಾಡುತ್ತಿರುತ್ತಾರೆ.

ಚಿಕ್ಕ ಸೆನ್ಸರಿನ ಬಗ್ಗೆ ಎಲ್ಲರೂ ಮಾಡುವ ಆಕ್ಷೇಪಕ್ಕೂ ಇಲ್ಲೇ ಉತ್ತರ ಇದೆ. ಹಿನ್ನೆಲೆ ಅಷ್ಟು ಮಸುಕಾಗುವುದಿಲ್ಲ ಅನ್ನುತ್ತಾರೆ. ನಿಜ, ನಮ್ಮ ಎಫ್ 1.8 ಮಸುಕಿನ ಲೆಕ್ಕದಲ್ಲಿ ಫುಲ್ ಫ್ರೇಮಿನ ಎಫ್ 3.6ಕ್ಕೆ ಸಮ. ಆದರೆ ನನಗೆ ಬೇಕಾಗಿದ್ದು ಉಳಿಯೂ ಬೆರಳೂ ಎರಡೂ ಸ್ಪಷ್ಟವಾಗಿ. ಅಷ್ಟು ಹತ್ತಿರದಲ್ಲಿ 45ನ್ನು ಎಫ್ 1.8ಕ್ಕೆ ಇಟ್ಟರೆ ಚೊಕ್ಕವಾಗಿ ಬರುವ ಆಳ ಒಂದು ಸೆಂಟಿಮೀಟರಿಗೂ ಕಡಿಮೆ. ಎಫ್ 4ಕ್ಕೆ ತಂದರೆ ಅದರ ಎರಡು ಪಟ್ಟಿಗೂ ಹೆಚ್ಚು ಸಿಗುತ್ತದೆ, ಕೆಲಸ ಆಯಿತು. ಇದೇ ಆಳ ಫುಲ್ ಫ್ರೇಮಿನಲ್ಲಿ ಬೇಕೆಂದರೆ ಎಫ್ 8ಕ್ಕೆ ಹೋಗಬೇಕು. ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಆಗ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿಸಬೇಕು, ಏರಿದಷ್ಟೂ ಚಿತ್ರ ಒರಟಾಗುತ್ತದೆ. ದೊಡ್ಡ ಸೆನ್ಸರಿಗೆ ಕೊಟ್ಟ ದುಡ್ಡಿನ ಲಾಭ ಅಲ್ಲಿಗೆ ಹೋಯಿತು. ಈ ಲೆಕ್ಕವನ್ನು ನಿಮ್ಮ ಪುಟದಲ್ಲಿ ಯಾರೂ ಹೇಳಲಿಲ್ಲ.

ಇನ್ನು ಹಕ್ಕಿ. ನಮಗೆ ಹತ್ತಿರದ ಪಕ್ಷಿಧಾಮ ಸೊರಬ ತಾಲ್ಲೂಕಿನ ಗುಡವಿ. ಮಳೆಗಾಲದಲ್ಲಿ ಕೆರೆಯೊಳಗಿನ ಮರಗಳ ತುಂಬ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ. ಗೂಡು ಕಟ್ಟುವ ಗಲಾಟೆ, ಮರಿಗಳ ಕಿರುಚಾಟ. ದಂಡೆಯಿಂದ ನೋಡುವವರಿಗೆ ದೂರ. ಇಲ್ಲಿ ಫೋನು ತೆಗೆದ ಹಕ್ಕಿ ಬಿಳಿ ಚುಕ್ಕಿ. ನನ್ನ ಹತ್ತಿರ ಇರುವುದು 75-300ರ ಜೂಮ್, 423 ಗ್ರಾಂ. ಸ್ಕೂಟರಿನ ಡಿಕ್ಕಿಯಲ್ಲಿ ರೇನ್‌ಕೋಟಿನ ಜೊತೆ ಕೂರುತ್ತದೆ. ಫುಲ್ ಫ್ರೇಮಿನಲ್ಲಿ 600ರ ನೋಟ ಬೇಕೆಂದರೆ ಎಷ್ಟು ದೊಡ್ಡ ಕೊಳವೆ ಹೊರಬೇಕು ಎಂದು ಆ ಹುಡುಗನ ಅಪ್ಪನಿಗೆ ಕೈಯಲ್ಲೇ ಅಳತೆ ತೋರಿಸಿದೆ. ಆ ಅಳತೆ ನೋಡಿಯೇ ಅವರಿಗೆ ಅರ್ಧ ಸಮಾಧಾನ ಆಯಿತು.

ಆದರೆ ಈ ಜೂಮಿನ ಬಗ್ಗೆ ಸುಮ್ನೆ ಹೊಗಳಿ ಹೋಗುವುದು ಸರಿಯಲ್ಲ. 300ರಲ್ಲಿ ಅದರ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಎಫ್ 6.7. ನಮ್ಮ ಜುಲೈ ತಿಂಗಳ ಮೋಡದಲ್ಲಿ ಅದು ಬಹಳ ಕಡಿಮೆ. ಹಾರುವ ಹಕ್ಕಿಗೆ 1/1000 ಸೆಕೆಂಡಿನ ಶಟರ್ ವೇಗ ಬೇಕೆಂದರೆ ಐಎಸ್‌ಒ 3200 ದಾಟುತ್ತದೆ, ರೆಕ್ಕೆಯ ಮೇಲೆಲ್ಲ ಕಾಳು ಕಾಳು. ಆಗ ನಾನು ಹಾರುವುದನ್ನು ಬಿಟ್ಟು ಕೂತ ಹಕ್ಕಿ ಹಿಡಿಯುತ್ತೇನೆ. ಅರ್ಧ ತುಂಬಿದ ಅಕ್ಕಿ ಚೀಲವನ್ನು ಸ್ಕೂಟರ್ ಸೀಟಿನ ಮೇಲಿಟ್ಟು, ಅದರ ಮೇಲೆ ಲೆನ್ಸ್ ಒರಗಿಸಿದರೆ 1/250ರಲ್ಲೂ ಗಟ್ಟಿ ಚಿತ್ರ ಬರುತ್ತದೆ. ಹಕ್ಕಿಯೇ ಮುಖ್ಯ ಅನ್ನುವವರು ಇದರ ಬದಲು ಪ್ಯಾನಾಸೋನಿಕ್ಕಿನ 100-300 ನೋಡಲಿ. 300ರಲ್ಲಿ ಎಫ್ 5.6, ಲೆನ್ಸಿನೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದೆ. ನೂರು ಗ್ರಾಂ ಭಾರ ಜಾಸ್ತಿ, ಅಷ್ಟೆ.

ಮಳೆಗಾಲದ ನಮ್ಮ ನಿಜವಾದ ಸಂಪತ್ತು ಕಪ್ಪೆ, ಅಣಬೆ, ಏರೋಪ್ಲೇನ್ ಚಿಟ್ಟೆ. ತೋಟದ ಕಾಲುವೆ ಪಕ್ಕ ಬಗ್ಗಿದರೆ ಸಾಕು. ಇದಕ್ಕೆ 60 ಎಂಎಂ ಮ್ಯಾಕ್ರೊ. ಅತಿ ಹತ್ತಿರಕ್ಕೆ ತಂದಾಗ ಇಡೀ ಚೌಕಟ್ಟಿನಲ್ಲಿ ಹಿಡಿಯುವ ಜಾಗ 17 ಮಿಲಿಮೀಟರ್ ಅಗಲ, 13 ಎತ್ತರ. ಸೆನ್ಸರ್ ಎಷ್ಟೋ ಅಷ್ಟು. ಹೆಬ್ಬೆರಳ ಉಗುರಿನಷ್ಟು ಜಾಗ ನಿಮ್ಮ ಪೂರ್ತಿ ಪುಟಕ್ಕೆ ಹಿಗ್ಗುತ್ತದೆ. ಮರಗಪ್ಪೆಯ ಕಣ್ಣಿನೊಳಗಿನ ಚಿನ್ನದ ಬಣ್ಣದ ಗೆರೆಗಳನ್ನು ನಾನು ಮೊದಲು ನೋಡಿದ್ದು ಈ ಲೆನ್ಸಿನಲ್ಲೇ. ಒಂದು ಎಚ್ಚರಿಕೆ: ಈ ಲೆನ್ಸಿಗೆ ತುಂತುರು ಮಳೆಯ ರಕ್ಷಣೆ ಇದೆ ಅಂತ ಅಂಗಡಿಯವರು ಹೇಳುತ್ತಾರೆ. ಹೇಳುವುದು ಸುಳ್ಳಲ್ಲ. ಆದರೆ ಕ್ಯಾಮೆರಾ ಬಾಡಿಯಲ್ಲಿ ಅದು ಇಲ್ಲದಿದ್ದರೆ ಪ್ರಯೋಜನ ಇಲ್ಲ. ನನ್ನ ಬಾಡಿಯಲ್ಲಿ ಇಲ್ಲ. ಹಾಗಾಗಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಕ್ಯಾಮೆರಾ. ಒಂದೇ ಕೈಯಲ್ಲಿ ಹಿಡಿಯುವಷ್ಟು ಹಗುರ ಇರುವುದರಿಂದ ಇದು ಸಾಧ್ಯ. ಬಾಡಿ ಬ್ಯಾಟರಿ ಸೇರಿ 426 ಗ್ರಾಂ. ಇಲ್ಲಿ ಹೇಳಿದ ಮೂರು ಲೆನ್ಸ್, ಜೊತೆಗೆ ಮನೆಯೊಳಗಿನ ಫೋಟೊಗಳಿಗೆ ಇಟ್ಟುಕೊಂಡ 20 ಎಂಎಂ ಎಫ್ 1.7, ಎಲ್ಲ ಸೇರಿದರೂ ಒಟ್ಟು ಒಂದೂಕಾಲು ಕೆಜಿ. ಹಳೆಯ 70-200 ಎಫ್ 2.8 ಲೆನ್ಸುಗಳಲ್ಲಿ ಕೆಲವು ಒಂದೇ ಇದಕ್ಕಿಂತ ಜಾಸ್ತಿ ತೂಗುತ್ತವೆ.

ನಿಮ್ಮ ಪುಟದಲ್ಲಿ ಬರಲೇಬೇಕಿದ್ದು, ಆದರೆ ಬಾರದೇ ಇದ್ದದ್ದು ಬೂಷ್ಟು. ಬೆಂಗಳೂರಿನಲ್ಲಿ ಕೂತು ಬರೆದವರಿಗೆ ಅದು ನೆನಪಾಗುವುದಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಅದು ಬಿಡುವುದಿಲ್ಲ. ಲೆನ್ಸಿನೊಳಗೆ ಹೊಕ್ಕರೆ ಗಾಜಿನ ಮೇಲೆ ಜೇಡನ ಬಲೆಯಂತೆ ಹರಡುತ್ತದೆ. ಮೇಲಿನ ಲೇಪ ತಿಂದುಹಾಕಿದರೆ ತೊಳೆದರೂ ಗುರುತು ಹೋಗುವುದಿಲ್ಲ. ಲೆನ್ಸಿನ ಜೊತೆ ಬರುವ ಚರ್ಮದ ಚೀಲ, ಮೆತ್ತನೆಯ ಬ್ಯಾಗು ಇವೇ ಅದರ ತವರು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಅದರ ಪಕ್ಕದಲ್ಲೇ ತೇವ ತೋರಿಸುವ ಚಿಕ್ಕ ಮೀಟರು, ಇಷ್ಟು ಸಾಕು. ಮುಳ್ಳು 40ರಿಂದ 50ರೊಳಗೆ ಇರಬೇಕು. ಮಾತ್ರೆ ಡಬ್ಬಿಯೊಳಗಿನ ಚಿಕ್ಕ ಪೊಟ್ಟಣ ಕೊಡಿ ಅಂತ ನನ್ನ ಹತ್ತಿರ ಕೇಳಿ ಒಯ್ಯುವವರಿದ್ದಾರೆ. ಅದರಲ್ಲಿ ಇರುವುದು ಗ್ರಾಂ ಲೆಕ್ಕದ ಜೆಲ್, ಮಲೆನಾಡಿನ ಗಾಳಿಗೆ ಒಂದು ದಿನವೂ ಬಾಳುವುದಿಲ್ಲ. ಅರ್ಧ ಕೆಜಿ ಬಿಡಿ ಜೆಲ್ ತಂದು ಬಟ್ಟೆ ಚೀಲದಲ್ಲಿ ಕಟ್ಟಿಡಿ. ಕಿತ್ತಳೆ ಬಣ್ಣದ್ದು ತೇವ ಕುಡಿದು ಹಸಿರಾದಾಗ ಬಿಸಿ ಮಾಡಿದರೆ ಮತ್ತೆ ಮೊದಲಿನಂತಾಗುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಬಾಣಲೆಗೆ ಮಾತ್ರ ಹಾಕಬೇಡಿ. ಅಕ್ಕಿ ಡಬ್ಬದಲ್ಲಿ ಲೆನ್ಸ್ ಹೂತಿಡುವ ಸಲಹೆಯನ್ನೂ ಬಿಡಿ, ಅಕ್ಕಿಯ ಧೂಳು ರಿಂಗಿನೊಳಗೆ ಹೋಗಿ ಕೂರುತ್ತದೆ.

ಸೆಕೆಂಡ್ ಹ್ಯಾಂಡ್ ಲೆನ್ಸ್ ನೋಡುವಾಗಲೂ ಇದೇ ಪರೀಕ್ಷೆ. ಡಾಕ್ಟರು ಗಂಟಲು ನೋಡಲು ಬಳಸುವ ಪೆನ್ ಟಾರ್ಚ್ ಇರುತ್ತದಲ್ಲ, ಅದನ್ನು ಲೆನ್ಸಿನ ಹಿಂದಿನಿಂದ ಓರೆಯಾಗಿ ಬಿಟ್ಟು ಮುಂದಿನಿಂದ ಕತ್ತಲಲ್ಲಿ ನೋಡಿ. ಧೂಳಿನ ಒಂದೆರಡು ಕಣ ಇದ್ದರೆ ತೊಂದರೆ ಇಲ್ಲ. ಕವಲೊಡೆದ ಬಿಳಿ ಎಳೆ ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ನನ್ನ 45 ಎಂಎಂ ಹೀಗೆ ನೋಡಿ ತಂದ ಸೆಕೆಂಡ್ ಹ್ಯಾಂಡ್ ಮಾಲು.

ಕೈಯಲ್ಲಿ ದುಡ್ಡಿಲ್ಲದ ಹುಡುಗರಿಗೆ ಇನ್ನೊಂದು ದಾರಿ ಇದೆ. ರೀಲಿನ ಕಾಲದ ಸ್ಟುಡಿಯೋ ನಡೆಸಿದವರ ಮನೆಯ ಅಟ್ಟದಲ್ಲಿ ಹಳೆ 50 ಎಂಎಂ ಲೆನ್ಸುಗಳು ಇನ್ನೂ ಇರುತ್ತವೆ. ಹಳೆ ನಿಕಾನ್ ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ರೀಲಿನ ತನಕ 46.5 ಮಿಲಿಮೀಟರ್ ಅಂತರ. ಕನ್ನಡಿ ಏಳಲು ಅಷ್ಟು ಜಾಗ ಬೇಕಿತ್ತು. ನಮ್ಮ ಕ್ಯಾಮೆರಾದಲ್ಲಿ ಆ ಅಂತರ 20 ಮಿಲಿಮೀಟರಿಗೂ ಚೂರು ಕಡಿಮೆ. ಮಿಕ್ಕ ಅಂತರವನ್ನು ಗಾಜಿಲ್ಲದ ಒಂದು ಲೋಹದ ಬಳೆ ತುಂಬುತ್ತದೆ. ಅಡಾಪ್ಟರ್ ಅಂದರೆ ಇಷ್ಟೇ. ಹಳೆ 50 ಇಲ್ಲಿ 100ರಷ್ಟಾಗಿ, ಮುಖಚಿತ್ರಕ್ಕೆ ಹೇಳಿ ಮಾಡಿಸಿದ ಲೆನ್ಸ್ ಆಗುತ್ತದೆ. ಫೋಕಸ್ ಕೈಯಲ್ಲೇ ತಿರುಗಿಸಬೇಕು. ಪ್ಯಾನಾಸೋನಿಕ್ ಆದರೆ ಮೆನುವಿನಲ್ಲಿ ‘ಶೂಟ್ ವಿತೌಟ್ ಲೆನ್ಸ್’ ಆನ್ ಮಾಡಿ, ಇಲ್ಲದಿದ್ದರೆ ಬಟನ್ ಒತ್ತಿದರೂ ಅದು ಕ್ಲಿಕ್ ಅನ್ನುವುದಿಲ್ಲ. ಬಾಡಿಯೊಳಗಿನ ಅಲುಗಾಟ ತಡೆಗೆ 50 ಎಂಎಂ ಅಂತ ಕೈಯಾರೆ ತುಂಬಿಸಬೇಕು. ಅಡಾಪ್ಟರ್ ಹಾಕಿದ್ದಕ್ಕೆ ಕ್ಯಾಮೆರಾ ಹಾಳಾಯಿತು ಅಂತ ಒಬ್ಬ ಹುಡುಗ ಅಳುವ ಮುಖ ಮಾಡಿಕೊಂಡು ಬಂದಿದ್ದ. ಮೆನು ತೆಗೆದು ಆನ್ ಮಾಡಿಕೊಟ್ಟೆ. ಮದ್ದು ಪುಕ್ಕಟೆ.

ಚಿಕ್ಕ ಸೆನ್ಸರ್ ನಿಜವಾಗಿ ಸೋಲುವ ಜಾಗವನ್ನೂ ಹೇಳಿಬಿಡುತ್ತೇನೆ. ಹೆಗ್ಗೋಡು ನಮಗೆ ಹತ್ತಿರ. ನೀನಾಸಂ ನಾಟಕಗಳಲ್ಲಿ ರಂಗದ ಬೆಳಕು ಮಂದ, ನಟರು ಓಡಾಡುತ್ತಾರೆ, ಫ್ಲ್ಯಾಶ್ ಹಾಕುವ ಮಾತೇ ಇಲ್ಲ. ಅಲ್ಲಿ ಆಳದ ಲೆಕ್ಕ ಬೇಡ, ಬೆಳಕಿನ ಲೆಕ್ಕ ಮಾತ್ರ. ಒಂದೇ ಅಪರ್ಚರಿನಲ್ಲಿ ದೊಡ್ಡ ಸೆನ್ಸರ್ ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ, ಚಿತ್ರ ಸ್ವಚ್ಛವಾಗಿ ಬರುತ್ತದೆ. ಸದ್ದಾಗಬಾರದು ಅಂತ ನಾವು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಎಲ್‌ಇಡಿ ದೀಪಗಳಿಂದ ಚಿತ್ರದ ಮೇಲೆ ಪಟ್ಟೆ ಪಟ್ಟೆ ಬೀಳುವುದುಂಟು. ರಾತ್ರಿಯಿಡೀ ಯಕ್ಷಗಾನ, ನಾಟಕ ತೆಗೆಯುವುದೇ ಕೆಲಸ ಎನ್ನುವವರು ಫುಲ್ ಫ್ರೇಮ್ ಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಅವರಿಗೂ ಒಳ್ಳೆ ಲೆನ್ಸ್ ಬೇಕು. ದೊಡ್ಡ ಕ್ಯಾಮೆರಾ ಬಾಡಿಯ ಮೇಲೆ ಎಫ್ 5.6ರ ಕಿಟ್ ಜೂಮ್ ಸಿಕ್ಕಿಸಿಕೊಂಡು ಬಂದರೆ ನನ್ನ 45ರ ಪಕ್ಕ ಕೂತು ಬೆಳಕು ಸಾಲುತ್ತಿಲ್ಲ ಅನ್ನುತ್ತಾರೆ.

ಕಿಟ್ ಲೆನ್ಸ್ ಬೇಡ ಅಂತಲೂ ನಾನು ಹೇಳುವುದಿಲ್ಲ. ಕಟಿಂಗ್ ತಂದ ಹುಡುಗ ಕಾಲೇಜಿನ ಗೆಳೆಯನ ಕ್ಯಾಮೆರಾದಲ್ಲಿ ತೆಗೆದ ಫೋಟೊಗಳು ಅವನ ಫೋನಿನಲ್ಲಿದ್ದವು. ಒಂದೊಂದೇ ತೆರೆದು, ಎಷ್ಟು ಎಂಎಂನಲ್ಲಿ ತೆಗೆದದ್ದು ಅಂತ ವಿವರ ನೋಡಿದೆವು. ಜೂಮ್ 12ರಿಂದ 32ರದ್ದು. ಹುಡುಗ ಹೆಚ್ಚುಕಡಿಮೆ ಎಲ್ಲವನ್ನೂ 32ರ ತುದಿಗೆ ಎಳೆದು ತೆಗೆದಿದ್ದ. ಅಜ್ಜಿ, ನಾಯಿ, ಕೊಟ್ಟೆ ಕಡುಬು ಕಟ್ಟುವ ಕೈ. ಅವನಿಗೆ ಬೇಕಾಗಿರುವುದು ಇನ್ನೂ ಹತ್ತಿರ ತರುವ ಲೆನ್ಸ್ ಅಂತ ಫೋಟೊಗಳೇ ಹೇಳುತ್ತಿದ್ದವು. ಹಳೆ ಬಾಡಿ ಒಂದು, 45 ಎಂಎಂ ಒಂದು ಅಂತ ಚೀಟಿ ಬರೆದುಕೊಟ್ಟೆ. ಅಪ್ಪ ಆ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ನಿಮ್ಮ ಕಟಿಂಗನ್ನು ಕೌಂಟರಿನ ಮೇಲೇ ಬಿಟ್ಟು ಹೋದರು.

ಹಾಗಾಗಿ ಸಂಪಾದಕರಲ್ಲಿ ನನ್ನ ಕೇಳಿಕೆ ಎರಡು. ಬಾಡಿಗಳ ಪುಟ ಆಯಿತಲ್ಲ, ಇನ್ನೊಂದು ಭಾನುವಾರ ಲೆನ್ಸಿಗೊಂದು ಪುಟ ಕೊಡಿ. ಮಲೆನಾಡು, ಕರಾವಳಿಯವರ ಹತ್ತಿರವೂ ಬರೆಸಿ, ಬೂಷ್ಟಿನ ವಿಷಯ ಬರಲಿ. ಎರಡನೆಯದು, ಓದುಗರ ಫೋಟೊ ಕೆಳಗೆ ಕ್ಯಾಮೆರಾ ಹೆಸರು ಹಾಕುತ್ತೀರಲ್ಲ, ಅದರ ಬದಲು ಲೆನ್ಸ್, ಅಪರ್ಚರ್, ಶಟರ್ ಹಾಕಿ. ನೋಡಿದವರು ಅದರಿಂದ ಏನಾದರೂ ಕಲಿಯಬಹುದು. ಕ್ಯಾಮೆರಾ ಹೆಸರಿನಿಂದ ಬೆಲೆ ಮಾತ್ರ ಗೊತ್ತಾಗುತ್ತದೆ.

ಪತ್ರದ ಜೊತೆ ಗುಡಿಗಾರರ ಕೈಯ ಒಂದು ಫೋಟೊ ಇಟ್ಟಿದ್ದೇನೆ. 45 ಎಂಎಂ, ಎಫ್ 4, 1/125 ಸೆಕೆಂಡ್, ಐಎಸ್‌ಒ 1600. ತೆಗೆಯಲಿಕ್ಕೂ ಪತ್ರಿಕೆಗೆ ಕಳಿಸಲಿಕ್ಕೂ ಅವರನ್ನು ಕೇಳಿಯೇ ಒಪ್ಪಿಗೆ ಪಡೆದಿದ್ದೇನೆ. ಹಾಕುವುದಾದರೆ ಕಾಲಂಗೆ ಹೊಂದಿಸಲು ಎಡಗಡೆ ಕತ್ತರಿಸಬೇಡಿ, ಉಳಿ ಇರುವುದು ಆ ಕಡೆಯೇ. ನನ್ನ ಹೆಸರು ಬೇಡ. ಈಗಲೇ ಅಂಗಡಿಗೆ ಬಂದವರು ಜ್ವರದ ಮಾತ್ರೆ ಮರೆತು ಲೆನ್ಸ್ ವಿಷಯ ಕೇಳುತ್ತಾ ನಿಲ್ಲುತ್ತಾರೆ.

ಇಂತಿ,
ಮೆಡಿಕಲ್ ಶಾಪಿನವರು
ಸಾಗರ, ಶಿವಮೊಗ್ಗ ಜಿಲ್ಲೆ